ಬೆಲ್ಟ್ ಕವರ್ ಬಿಚ್ಚದ ಸರ್ವೀಸು

"ಗಾಡಿ ಪಿಕಪ್ ಬಿಟ್ಟಿದೆ ಗುರೂ." ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ತಿಂಗಳಿಗೆ ನಾಲ್ಕು ಸಲವಾದರೂ ಕಿವಿಗೆ ಬೀಳುವ ಮಾತು. ಅದರ ಬೆನ್ನಿಗೇ ಬರುವ ಸಲಹೆಗಳೂ ಈಗ ಬಾಯಿಪಾಠ. ಒಬ್ಬ ಹಗುರ ರೋಲರ್ ಹಾಕಿಸು ಅಂತಾನೆ. ಇನ್ನೊಬ್ಬ ಆನ್‌ಲೈನಲ್ಲಿ ಪರ್ಫಾರ್ಮೆನ್ಸ್ ಕಿಟ್ ಸಿಗುತ್ತೆ ತರಿಸ್ಕೋ ಅಂತಾನೆ. ಮೂರನೆಯವನು, ಇನ್ನೂ ಪೆಟ್ರೋಲ್ ಗಾಡಿ ಇಟ್ಕೊಂಡಿದ್ದೀಯಾ, ಮಾರಿ ಎಲೆಕ್ಟ್ರಿಕ್ ತಗೋ ಅಂತ ಮೂಗು ಮುರೀತಾನೆ. ಎಡಗಡೆಯ ಬೆಲ್ಟ್ ಕವರ್ ಬಿಚ್ಚಿ ಒಳಗೆ ಏನಾಗಿದೆ ನೋಡಿದ್ಯಾ ಎಂದು ಕೇಳುವವರು ಮಾತ್ರ ಆ ಗುಂಪಿನಲ್ಲಿ ಇರೋದೇ ಇಲ್ಲ.

ನನ್ನ ತಕರಾರು ಇರುವುದು ಇಲ್ಲೇ. ನಾವು ದಿನಾ ಎರಡು ಗಂಟೆ ಯಾವುದರ ಮೇಲೆ ಕೂತಿರುತ್ತೇವೋ ಅದರ ಹೊಟ್ಟೆಯೊಳಗೆ ಏನಿದೆ ಅಂತ ನಮಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದೂ ಇಲ್ಲ. ಆದರೆ ಅದನ್ನು 'ಅಪ್‌ಗ್ರೇಡ್' ಮಾಡುವ ಆಸೆ ಮಾತ್ರ ಭರ್ತಿ ಇದೆ.

ಜನವರಿ ಬಂತೆಂದರೆ ಅರ್ಧ ಟೀಮು ಗುಲ್ಮಾರ್ಗಿನಲ್ಲಿರುತ್ತೆ. ಬಾಡಿಗೆ ಜಾಕೆಟ್ಟು, ಬಾಡಿಗೆ ಬೂಟು ಹಾಕಿಕೊಂಡು ಹಿಮದ ಸ್ಕೂಟರ್ ಮೇಲೆ ಒಂದು ಸವಾರಿ, ಒಂದು ರೀಲ್. ಅದೇ ಸ್ನೋಮೊಬೈಲು. ಮುಂದೆ ಎರಡು ಹಿಮಹಲಗೆ, ಹಿಂದೆ ರಬ್ಬರಿನ ಪಟ್ಟೆ. ಗೇರಿಲ್ಲ, ಕ್ಲಚ್ ಲಿವರ್ ಇಲ್ಲ, ಹೆಬ್ಬೆರಳಿನಿಂದ ಥ್ರಾಟಲ್ ಒತ್ತಿದರೆ ನುಗ್ಗುತ್ತೆ. "ಏನ್ ಪವರ್ ಗುರೂ" ಅಂತ ಬೆರಗಾಗಿ ವಾಪಸ್ ಬಂದು, ಏರ್‌ಪೋರ್ಟ್ ಬಸ್ ಇಳಿದು, ಮನೆ ಮುಂದೆ ನಿಲ್ಲಿಸಿದ ಸ್ಕೂಟರ್ ಕಿಕ್ ಹೊಡೆಯುತ್ತೇವಲ್ಲ, ಅದರಲ್ಲಿರುವುದೂ ಅದೇ ಯಂತ್ರ ಅಂತ ಎಷ್ಟು ಜನರಿಗೆ ಗೊತ್ತು? ಎರಡು ಪುಲ್ಲಿ, ಒಂದು ಬೆಲ್ಟು, ತೂಕದ ತುಂಡುಗಳು, ಒಂದು ಸ್ಪ್ರಿಂಗು. ಹಿಮದ ಗಾಡಿಯದ್ದು ಭೀಮ, ನಮ್ಮದು ಅವನ ಚಿಕ್ಕ ತಮ್ಮ, ಅಷ್ಟೇ ವ್ಯತ್ಯಾಸ.

ಈ ವಂಶದಲ್ಲಿ ಮೊದಲು ಹೆಸರು ಮಾಡಿದವನು ನೆದರ್‌ಲ್ಯಾಂಡ್ಸಿನ ಹಬ್ ವಾನ್ ಡೋರ್ನ. ಅವನ ಡಾಫ್ ಕಂಪನಿ 1958ರಲ್ಲಿ ಡಾಫ್ 600 ಅನ್ನುವ ಪುಟ್ಟ ಕಾರನ್ನು ತೋರಿಸಿತು. ಗೇರ್‌ಬಾಕ್ಸಿನ ಬದಲು ರಬ್ಬರ್ ಬೆಲ್ಟು, ಹೆಸರು ವೇರಿಯೊಮ್ಯಾಟಿಕ್. ಮುಂದಕ್ಕೆ ಎಷ್ಟು ಜೋರಾಗಿ ಹೋಗುತ್ತೋ ಹಿಂದಕ್ಕೂ ಅಷ್ಟೇ ಜೋರಾಗಿ ಹೋಗುವ ಕಾರು! ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಅಮ್ಮಂದಿರು, ಅತ್ತೆಯಂದಿರು ಎಡಗೈಯಲ್ಲಿ ಗೇರ್ ತಿರುವುವ ಕಷ್ಟದಿಂದ ಪಾರಾದರು. 2001ರಲ್ಲಿ ಆಕ್ಟಿವಾ ಬಂದ ಮೇಲೆ ಕೇಳಬೇಕೆ! ಈಗ ಕೋಲಾರದ ನರಸಾಪುರದಲ್ಲೇ ಕಾರ್ಖಾನೆ ಇದೆ. ಆದರೂ ಈ ಬೆಲ್ಟಿನ ಬಗ್ಗೆ ನಮಗಿರುವ ಜ್ಞಾನ ಎಂಬತ್ತರ ದಶಕದಲ್ಲಿ ಇದ್ದಷ್ಟೇ.

ಸ್ವಲ್ಪ ತಾಳ್ಮೆಯಿಂದ ಕೇಳಿ, ಇದೇನು ರಾಕೆಟ್ ವಿಜ್ಞಾನವಲ್ಲ. ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ. ನಡುವೆ 'ವಿ' ಆಕಾರದ ಸಂದು ಬರುತ್ತಲ್ಲ, ಅದರಲ್ಲಿ ಬೆಲ್ಟ್ ಕೂರುತ್ತೆ. ತಟ್ಟೆಗಳು ಹತ್ತಿರ ಬಂದರೆ ಬೆಲ್ಟ್ ಮೇಲಕ್ಕೇರುತ್ತೆ, ದೂರ ಸರಿದರೆ ಒಳಕ್ಕಿಳಿಯುತ್ತೆ. ಇಂಜಿನ್ ಕಡೆ ಇರುವ ಮುಂದಿನ ಪುಲ್ಲಿಯಲ್ಲಿ ಬೆಲ್ಟ್ ಒಳಗಿದ್ದು ಹಿಂದಿನದರಲ್ಲಿ ಹೊರಗಿದ್ದರೆ ಅದು ಫಸ್ಟ್ ಗೇರ್ ಇದ್ದ ಹಾಗೆ. ಇಂಜಿನ್ ವೇಗ ಏರಿದಂತೆ ಮುಂದಿನ ಪುಲ್ಲಿಯ ಹಿಂದಿರುವ ಆರು ಪುಟ್ಟ ರೋಲರ್‌ಗಳು ಗಿರಗಿರ ತಿರುಗುವ ರಭಸಕ್ಕೆ ಹೊರಕ್ಕೆ ಸಿಡಿಯಲು ನೋಡುತ್ತವೆ, ಇಳಿಜಾರು ಹತ್ತುತ್ತವೆ, ತಟ್ಟೆಯನ್ನು ದೂಡುತ್ತವೆ, ಬೆಲ್ಟ್ ಮೇಲೇರುತ್ತೆ. ಅದೇ ಬೆಲ್ಟ್ ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗಿನ ಜೊತೆ ಗುದ್ದಾಡಿ ಒಳಕ್ಕಿಳಿಯುತ್ತೆ. ಗೇರ್ ಬದಲಾಯಿತು. ಕಂಪ್ಯೂಟರಿಲ್ಲ, ಸೆನ್ಸರಿಲ್ಲ. ತೂಕ ಒಂದು ಕಡೆ ಎಳೆಯುತ್ತೆ, ಸ್ಪ್ರಿಂಗ್ ಇನ್ನೊಂದು ಕಡೆ ಎಳೆಯುತ್ತೆ. ಈ ಹಗ್ಗಜಗ್ಗಾಟದಲ್ಲಿ ಇಂಜಿನ್ ತನಗೆ ಹಿತವಾದ ವೇಗದಲ್ಲೇ ಉಳಿಯುತ್ತೆ. ಕೊನೆಯಲ್ಲಿ, ಹಿಂದಿನ ಪುಲ್ಲಿಗೆ ಅಂಟಿಕೊಂಡ ಕ್ಲಚ್ ಶೂಗಳು ವೇಗಕ್ಕೆ ಅರಳಿ ಹೊರಗಿನ ಗಂಟೆಯಾಕಾರದ ಡ್ರಮ್ಮನ್ನು ಹಿಡಿದುಕೊಂಡಾಗ ಚಕ್ರ ತಿರುಗುತ್ತೆ.

ಎಷ್ಟು ಚೆಂದದ ಯಂತ್ರ ಇದು! ಆದರೆ ಇದರಲ್ಲಿ ಎಲ್ಲವೂ ತಿಕ್ಕಾಟದ ಮೇಲೆ ನಿಂತಿದೆ ಅನ್ನೋದು ಮರೀಬಾರದು. ತಿಕ್ಕುವುದು ಸವೆಯುತ್ತೆ. ಬೆಲ್ಟ್ ಸವೆದು ಅಗಲ ಕಮ್ಮಿಯಾದರೆ ಮುಂದಿನ ಪುಲ್ಲಿಯ ಅಂಚಿನವರೆಗೆ ಏರೋದೇ ಇಲ್ಲ, ಹಾಗಾಗಿ ಎಷ್ಟು ಹಿಂಡಿದರೂ ಗಾಡಿ ಅರವತ್ತು ದಾಟಲ್ಲ. ಗುಂಡಗಿರಬೇಕಾದ ರೋಲರ್ ಒಂದು ಕಡೆ ಸವೆದು ಚಪ್ಪಟೆಯಾದರೆ ಉರುಳುವ ಬದಲು ತೆವಳುತ್ತೆ. ಕ್ಲಚ್ ಶೂ ಬಿಸಿಯಾಗಿ ಗಾಜಿನ ಹಾಗೆ ನುಣುಪಾದರೆ ಸಿಗ್ನಲ್ ಬಿಟ್ಟಾಗ ಗಾಡಿ ಗಡಗಡ ನಡುಗುತ್ತೆ. ಬೆಲ್ಟಿನ ಕಪ್ಪು ಧೂಳು ಎಲ್ಲ ಕಡೆ ಕೂತು, ಜಾರಬೇಕಾದ್ದು ಜಾರಲ್ಲ, ಹಿಡಿಯಬೇಕಾದ್ದು ಹಿಡಿಯಲ್ಲ. ಇಷ್ಟಕ್ಕೂ ನಾವು ಇಟ್ಟುಕೊಂಡಿರುವ ಹೆಸರು ಒಂದೇ, "ಪಿಕಪ್ ಇಲ್ಲ".

ಹಿಮದ ಸೀಮೆಯವರು ಇದನ್ನು ಹೇಗೆ ನೋಡ್ಕೋತಾರೆ ಅನ್ನೋದನ್ನು ಹೇಳಲೇಬೇಕು. ಅಮೆರಿಕದ ಮಿನ್ನೆಸೋಟಾದ ರೋಸೋ ಅನ್ನುವ ಸಣ್ಣ ಊರಿನಲ್ಲಿ ಪೊಲಾರಿಸ್ ಹುಟ್ಟಿತು. ಕೆನಡಾದ ವಾಲ್ಕೋರ್ ಅನ್ನುವ ಇನ್ನೊಂದು ಸಣ್ಣ ಊರಿನಲ್ಲಿ ಬೊಂಬಾರ್ಡಿಯರ್ ಎಂಬಾತ 1959ರಲ್ಲಿ ಸ್ಕೀ-ಡೂ ಹೊರತಂದ. ಆ ಕಡೆಯ ಸವಾರರು ಹೊರಡುವಾಗ ಗಾಡಿಯಲ್ಲಿ ಒಂದು ಹೆಚ್ಚುವರಿ ಬೆಲ್ಟ್ ಇಟ್ಟುಕೊಂಡೇ ಹೊರಡುತ್ತಾರೆ. ಮೈನಸ್ ಇಪ್ಪತ್ತು ಡಿಗ್ರಿಯ ಕಾಡಿನ ಮಧ್ಯೆ ಬೆಲ್ಟ್ ಸಿಡಿದರೆ ಅಲ್ಲಿಗೆ ಯಾವ ರೋಡ್‌ಸೈಡ್ ಅಸಿಸ್ಟೆನ್ಸೂ ಬರೋದಿಲ್ಲ. ಹಾಗಾಗಿ ಸೈಡ್ ಕವರ್ ತೆಗೆದು ಬೆಲ್ಟ್ ಬದಲಿಸುವುದು ಅಲ್ಲಿ ಸ್ಟೆಪ್ನಿ ಹಾಕಿದಷ್ಟೇ ಸಲೀಸು, ಕಂಪನಿಯೂ ಹಾಗೇ ಮಾಡಿಕೊಟ್ಟಿದೆ. ಸೀಸನ್ ಶುರುವಾಗುವ ಮುಂಚೆ ಶೆಡ್ಡಿನಲ್ಲಿ ಕೂತು ಪುಲ್ಲಿಯ ಮುಖ ಉಜ್ಜಿ, ಎಣ್ಣೆ ಜಿಡ್ಡು ಒರೆಸಿ, ಎರಡೂ ಪುಲ್ಲಿ ಒಂದೇ ಗೆರೆಯಲ್ಲಿವೆಯಾ ಅಂತ ಅಳತೆ ಪಟ್ಟಿ ಇಟ್ಟು ನೋಡ್ತಾರೆ. ಬುಷ್ ಸವೆದಿದೆಯಾ, ಸ್ಪ್ರಿಂಗ್ ಕುಗ್ಗಿದೆಯಾ ಅಂತ ಪರೀಕ್ಷೆ ಮಾಡ್ತಾರೆ. ಹೊಸ ಬೆಲ್ಟನ್ನು ಸೋಪು ನೀರಲ್ಲಿ ತೊಳೆದು, ಮೊದಲ ಕೆಲವು ಮೈಲಿ ಮೆಲ್ಲಗೆ ಓಡಿಸಿ ಪಳಗಿಸುವವರೂ ಇದ್ದಾರೆ. ಮದುಮಗಳನ್ನು ಮನೆ ತುಂಬಿಸಿಕೊಂಡ ಹಾಗೆ!

ಅಲ್ಲಿ ಕ್ಲಚ್ಚಿನ ತೂಕ ಬದಲಿಸುವುದಕ್ಕೂ ಒಂದು ನ್ಯಾಯವಾದ ಕಾರಣ ಇದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತೆ. ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿ ಪ್ರತಿ 1,000 ಅಡಿಗೆ ಸುಮಾರು 3 ಶೇಕಡಾ ಇಳಿಯುತ್ತೆ. ಗುಲ್ಮಾರ್ಗ್ ಇರುವುದು ಸುಮಾರು 8,700 ಅಡಿ ಎತ್ತರದಲ್ಲಿ. ಅಂದರೆ ಶಕ್ತಿಯಲ್ಲಿ ಕಾಲುಭಾಗ ಗಾಳಿಯಲ್ಲೇ ಹೋಯ್ತು ಅಂತಿಟ್ಟುಕೊಳ್ಳಿ. ಬಯಲಿಗೆ ಹೊಂದಿಸಿದ ತೂಕವೇ ಇದ್ದರೆ ಇಂಜಿನ್ ಏದುಸಿರು ಬಿಡುತ್ತೆ, ತನ್ನ ವೇಗ ಮುಟ್ಟೋದೇ ಇಲ್ಲ. ಅದಕ್ಕೇ ಕಂಪನಿಗಳೇ ಇಂತಿಷ್ಟು ಎತ್ತರಕ್ಕೆ ಇಂತಿಷ್ಟು ಗ್ರಾಮಿನ ತೂಕ, ಇಂಥ ಸ್ಪ್ರಿಂಗು ಅಂತ ಕೋಷ್ಟಕ ಮಾಡಿ ಕೊಡುತ್ತವೆ. ಅಪ್‌ಗ್ರೇಡ್ ಅಂದರೆ ಇದು. ಲೆಕ್ಕ ಇದೆ, ಕಾರಣ ಇದೆ. (ಬೆಂಗಳೂರೂ ಸುಮಾರು 3,000 ಅಡಿ ಎತ್ತರದಲ್ಲಿದೆ. ನಿಮ್ಮ ಮಂಗಳೂರಿನ ಭಾವನ ಗಾಡಿ ನಿಮ್ಮದಕ್ಕಿಂತ ಒಂಚೂರು ಚುರುಕಾಗಿ ಓಡಿದರೆ ಹೊಟ್ಟೆ ಉರ್ಕೋಬೇಡಿ, ಅದು ಸಮುದ್ರದ ಗಾಳಿಯ ಮಹಿಮೆ.)

ಅಲ್ಲಿ ಎಲ್ಲರೂ ಸಾಧುಗಳು ಅಂತಲೂ ನಾನು ಹೇಳ್ತಿಲ್ಲ. ಸವೆದ ಬುಷ್ ಇಟ್ಟುಕೊಂಡೇ ನೂರಾರು ಡಾಲರಿನ ಕ್ಲಚ್ ಕಿಟ್ ಏರಿಸಿಕೊಳ್ಳುವ ಶೋಕಿ ಅಲ್ಲೂ ಇದೆ. ಕಿಟ್ಟಿನ ಡಬ್ಬಿಯಲ್ಲಿ ಬಂದ ಹೊಸ ಬೆಲ್ಟು, ಹೊಸ ಸ್ಪ್ರಿಂಗು ಹಾಕಿದ ಮೇಲೆ ಗಾಡಿ ಹಾರಿತು ಅಂದರೆ, ಅದರಲ್ಲಿ ಎಷ್ಟು ಪಾಲು ಕಿಟ್ಟಿನದು, ಎಷ್ಟು ಪಾಲು ಹಳೇ ಸವೆದ ಸಾಮಾನು ಹೋದದ್ದರದು? ಈ ಪ್ರಶ್ನೆಯನ್ನು ಮಾರುವವನು ಯಾಕೆ ಕೇಳ್ತಾನೆ?

ಈಗ ನಮ್ಮ ಊರಿಗೆ ಬನ್ನಿ. ನಮ್ಮ ಯೂಟ್ಯೂಬ್ ಪಂಡಿತರು ಹೇಳೋದು ಹೀಗೆ: ರೋಲರ್ ಒಂದೆರಡು ಗ್ರಾಂ ಹಗುರ ಮಾಡಿ, ಪಿಕಪ್ ನೋಡಿ. ಸುಳ್ಳಲ್ಲ, ನಿಜವೇ. ಹಗುರ ರೋಲರ್ ಇಳಿಜಾರು ಹತ್ತಲು ಹೆಚ್ಚು ವೇಗ ಬೇಡುತ್ತೆ, ಹಾಗಾಗಿ ಇಂಜಿನ್ ಹೆಚ್ಚು ಆರ್‌ಪಿಎಂನಲ್ಲೇ ಚೀರುತ್ತಾ ಇರುತ್ತೆ, ಸಿಗ್ನಲ್ಲಿನಲ್ಲಿ ಗಾಡಿ ಚಂಗನೆ ನೆಗೆಯುತ್ತೆ. ಆದರೆ ಹೊಸೂರು ರಸ್ತೆಯ ಫ್ಲೈಓವರಿನ ಮೇಲೆ ಐವತ್ತರಲ್ಲಿ ಹೋಗುವಾಗಲೂ ಅದೇ ಚೀರಾಟ. ಪೆಟ್ರೋಲು ಕುಡಿಯುತ್ತೆ. ಹಿಂದಿನ ಸ್ಪ್ರಿಂಗ್ ಗಡುಸು ಮಾಡಿದರೆ ಬೆಲ್ಟಿನ ಮೇಲೆ ಹಿಂಡುವಿಕೆ ಹೆಚ್ಚಿ ಇನ್ನಷ್ಟು ಬಿಸಿ. ಕ್ಲಚ್ಚಿನ ಸ್ಪ್ರಿಂಗ್ ಗಡುಸು ಮಾಡಿದರೆ ಶೂ ತಡವಾಗಿ, ಹೆಚ್ಚು ವೇಗದಲ್ಲಿ ಹಿಡಿಯುತ್ತೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಡಿ ಅಡಿ ತೆವಳುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ? ಇಂಜಿನ್ ಹುಟ್ಟಿಸುವ ಶಕ್ತಿ ಒಂದು ಕೂದಲೆಳೆಯಷ್ಟೂ ಹೆಚ್ಚಾಗಿಲ್ಲ. ಇರುವುದನ್ನೇ ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದ್ದೇವೆ, ನಡುವೆ ಕಿಟ್ಟಿನವನು ಕಮಿಷನ್ ತಗೊಂಡ.

ಮೂಡಿಗೆರೆ ಕಡೆ ಏರುದಾರಿಯಲ್ಲಿ ದಿನಾ ಇಬ್ಬರು ಕೂತು, ಕಾಲ ಬಳಿ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಹೋಗುವವರು ರೋಲರ್ ಹಗುರ ಮಾಡಿಸಿದರೆ ನಾನು ಕೈ ಮುಗಿದು ಒಪ್ತೀನಿ. ಅವರಿಗೆ ಅದರ ಕೆಲಸ ಇದೆ. ಎಚ್‌ಎಸ್‌ಆರ್‌ನಿಂದ ಬೆಳ್ಳಂದೂರಿಗೆ ಹೋಗೋರಿಗೆ ಯಾಕೆ?

ಕಿಟ್ಟಿನವರ ಮೇಲೇ ಎಲ್ಲ ಹೊರಿಸಿದರೆ ಅಸಲಿ ಕಳ್ಳ ತಪ್ಪಿಸ್ಕೋತಾನೆ. ಬೆಲ್ಟನ್ನು ನೋಡಿಕೊಳ್ಳಬೇಕಾದ ಸರ್ವೀಸ್ ಸೆಂಟರುಗಳ ಕಥೆ ಕೇಳಿ. ಹೋದ ವರ್ಷ ಒಂದು ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ನನ್ನ ಸ್ಕೂಟರ್ ಬಿಟ್ಟಿದ್ದೆ. ಸಂಜೆ ಬಿಲ್ ಬಂತು. ವಾಟರ್ ವಾಷ್, ಟೆಫ್ಲಾನ್ ಕೋಟಿಂಗ್, ಇಂಜಿನ್ ಟ್ಯೂನಿಂಗ್, ಕೊನೆಯಲ್ಲಿ 'ಸಿವಿಟಿ ಕ್ಲೀನಿಂಗ್'. ಸಿವಿಟಿ ಅಂದರೆ ಇದೇ ಬೆಲ್ಟು-ಪುಲ್ಲಿ ಸಂಸಾರ. ಬಗ್ಗಿ ನೋಡಿದೆ. ಕವರಿನ ಬೋಲ್ಟುಗಳ ತಲೆಯೊಳಗೆ ಮಳೆಗಾಲದ ಕೆಸರು ಒಣಗಿ ಗಟ್ಟಿಯಾಗಿ ಹಾಗೇ ಕೂತಿತ್ತು. ಸ್ಪ್ಯಾನರ್ ಮುಟ್ಟಿಸಿದ ಗುರುತೇ ಇಲ್ಲ. ಕೇಳಿದ್ದಕ್ಕೆ ಅಡ್ವೈಸರ್ ಮಹಾಶಯರು, "ಮೇಡಂ, ಅದು ಪ್ಯಾಕೇಜಲ್ಲಿ ಬರುತ್ತೆ" ಅಂದರು. ಪ್ಯಾಕೇಜಲ್ಲಿ ಬರೋದು ಬಿಲ್ಲಾ, ಕೆಲಸಾನಾ ಅಂತ ಕೇಳಿದೆ. "ಅದೆಲ್ಲ ಟೆಕ್ನಿಕಲ್ ಮೇಡಂ, ನಿಮಗ್ಯಾಕೆ ತಲೆನೋವು." ನನ್ನೆದುರೇ ಬಿಚ್ಚಿ ಅಂತ ಪಟ್ಟು ಹಿಡಿದೆ. ಹತ್ತು ನಿಮಿಷ ಹಿಡಿಯಿತು, ಅಷ್ಟೇ. ಬೆಲ್ಟಿನ ಹಲ್ಲುಗಳ ಬುಡದಲ್ಲಿ ಬಿರುಕು, ಎರಡು ರೋಲರ್ ಚಪ್ಪಟೆ, ಒಂದು ಹಿಡಿಯಷ್ಟು ಕಪ್ಪು ಧೂಳು. ಅದುವರೆಗೆ ಮೂರು ಸರ್ವೀಸಿನ ಬಿಲ್ಲುಗಳಲ್ಲಿ ಆ 'ಕ್ಲೀನಿಂಗ್' ಸಾಲು ಇತ್ತು.

ಈ "ನಿಮಗ್ಯಾಕೆ" ಇದೆಯಲ್ಲ, ಅದೇ ಈ ಧಂದೆಯ ಬಂಡವಾಳ. ಗೇರಿಲ್ಲದ ಸ್ಕೂಟರನ್ನು ಹೆಣ್ಣುಮಕ್ಕಳ ಗಾಡಿ ಅಂತ ಮಾರಿದರು. 'ಸುಲಭ, ಏನೂ ತಿಳಿದಿರಬೇಕಿಲ್ಲ' ಅನ್ನೋದೇ ಅದರ ಜಾಹೀರಾತು. ಓಡಿಸಲು ಏನೂ ತಿಳಿಯಬೇಕಿಲ್ಲ ಅನ್ನುವುದು ಮೆಲ್ಲಗೆ ಜಾರಿ, ಇಟ್ಟುಕೊಳ್ಳಲೂ ಏನೂ ತಿಳಿಯಬೇಕಿಲ್ಲ ಅಂತಾಯ್ತು. ಇಂಜಿನ್ ಆಯಿಲ್ ಬದಲಿಸಿದಿರಾ ಅಂತ ಕೇಳುವಷ್ಟಾದರೂ ನಮಗೆ ಗೊತ್ತು. ಬೆಲ್ಟ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು? ನಿಮ್ಮ ಸೀಟಿನ ಕೆಳಗಿರುವ ಕೈಪಿಡಿಯಲ್ಲಿ ಒಂದು ಸಾಲು ಇರುತ್ತೆ, ಬಹಳಷ್ಟು ಗಾಡಿಗಳಿಗೆ ಇಪ್ಪತ್ತು ಸಾವಿರದ ಆಚೀಚೆ. ಆ ಸಾಲು ಓದಿದವರು ಕೈ ಎತ್ತಿ ನೋಡೋಣ.

ನಮಗಾದರೆ ಬೆಲ್ಟ್ ತುಂಡಾದರೆ ಆಗುವುದೇನು? ಒಂದು ಕ್ಯಾಬ್ ಬುಕ್ ಮಾಡ್ತೀವಿ, ವರ್ಕ್ ಫ್ರಮ್ ಹೋಮ್ ಅಂತ ಮೆಸೇಜ್ ಹಾಕ್ತೀವಿ. ನಮಗೆ ಬಿರಿಯಾನಿ ತಂದುಕೊಡುವ ಹುಡುಗನ ಲೆಕ್ಕ ಬೇರೆ. ಅವನ ಗಾಡಿಯೂ ಇದೇ ನೂರು ಸಿಸಿ ಸ್ಕೂಟರು. ದಿನಕ್ಕೆ ನೂರು ಕಿಲೋಮೀಟರ್ ಓಡಿಸಿದರೆ ನಮ್ಮ ಮೂರು ವರ್ಷದ ಬೆಲ್ಟು ಅವನಿಗೆ ಏಳೆಂಟು ತಿಂಗಳು. ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಅಂಡರ್‌ಪಾಸ್ ನೀರಿಗಿಳಿದು ಬೆಲ್ಟ್ ನೆನೆದರೆ ಪುಲ್ಲಿ ಜಾರುತ್ತೆ. ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ, ಹಿಂದಿನಿಂದ ಲಾರಿ ಬರ್ತಿರುತ್ತೆ. ಬೆಲ್ಟ್ ತುಂಡಾದ ದಿನದ ಸಂಪಾದನೆ ಹೋಯ್ತು, ಮರುದಿನದ ಇನ್ಸೆಂಟಿವ್ ಹೋಯ್ತು. ವಿಚಿತ್ರ ನೋಡಿ, ಬೆಲ್ಟಿನ ಬಗ್ಗೆ ನನಗೆ ಅತಿ ಹೆಚ್ಚು ಕಲಿಸಿದ್ದು ಇಂಥ ಹುಡುಗರೇ. ಅವರು ಶಬ್ದ ಕೇಳಿ ಹೇಳ್ತಾರೆ, "ಅಕ್ಕಾ, ರೋಲರ್ ಹೋಗಿದೆ." ನಾವು ಇಂಜಿನಿಯರಿಂಗ್ ಓದಿದವರು, ಎರಡು ಮಾರ್ಕಿಗೆ ಬೆಲ್ಟ್ ಡ್ರೈವ್ ಬರೆದು ಪಾಸಾದವರು, ಬ್ಲೂಟೂತ್ ಬರುತ್ತಾ ಅಂತ ಕೇಳಿ ಗಾಡಿ ಕೊಂಡುಕೊಳ್ತೀವಿ.

ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆ ಅಂತ ಒಂದು ಸಮಿತಿ ಮಾಡಿತು, ವರ್ಷದ ಕೊನೆಗೆ ಒಂದು ಪೋರ್ಟಲ್ಲೂ ಬಂತು. ಮೊಬೈಲು, ಟ್ರ್ಯಾಕ್ಟರುಗಳ ಜೊತೆ ವಾಹನಗಳೂ ಅದರ ಪಟ್ಟಿಯಲ್ಲಿವೆ. ಸಂತೋಷ. ಆದರೆ ಪೋರ್ಟಲ್ಲು ಬೋಲ್ಟ್ ಬಿಚ್ಚುವುದಿಲ್ಲ. ಹಿಮದ ಗಾಡಿಯವರು ತೂಕದ ಕೋಷ್ಟಕ ಕೊಡುವ ಹಾಗೆ, ನಮ್ಮ ಕಂಪನಿಗಳು ರೋಲರಿನ ತೂಕ ಎಷ್ಟು, ಬೆಲ್ಟಿನ ಅಗಲ ಎಷ್ಟಕ್ಕಿಳಿದರೆ ಬಿಸಾಕಬೇಕು, ನಟ್ಟನ್ನು ಎಷ್ಟು ಬಿಗಿಯಬೇಕು ಅನ್ನುವುದನ್ನು ಮಾಲೀಕರ ಕೈಪಿಡಿಯಲ್ಲೇ ಅಚ್ಚು ಹಾಕಲಿ. ಇವೆಲ್ಲ ಸರ್ವೀಸ್ ಮ್ಯಾನ್ಯುಯಲ್ಲಿನಲ್ಲಿ ಇರುವ ಸಂಗತಿಗಳೇ, ಪರಮಾಣು ರಹಸ್ಯಗಳಲ್ಲ. ನಮ್ಮ ಬೀದಿ ಮೆಕ್ಯಾನಿಕ್ಕುಗಳಿಗೂ ಒಂದು ಮಾತು. ಏರ್ ಗನ್ನಿನಲ್ಲಿ ಆ ನಟ್ಟನ್ನು ಟರ್ರ್ ಅಂತ ಬಿಗಿಯುವ ಚಾಳಿ ಬಿಡಿ ಅಣ್ಣಾ. ಪುಲ್ಲಿಯ ಮುಖಕ್ಕೆ ಗ್ರೀಸ್ ಬಳಿಯುವವರನ್ನಂತೂ ನಾನು ಕಣ್ಣಾರೆ ಕಂಡಿದ್ದೇನೆ. ಬೆಲ್ಟ್ ಹಿಡಿಯಬೇಕಾದ ಜಾಗಕ್ಕೆ ಗ್ರೀಸ್! ದೋಸೆ ಕಾವಲಿಗೆ ಫೆವಿಕಾಲ್ ಬಳಿದ ಹಾಗೆ, ಎಲ್ಲ ಉಲ್ಟಾ.

ನಮ್ಮ ಪಾಲಿನ ತಪ್ಪುಗಳೂ ಇವೆ, ಅವನ್ನು ಯಾವ ಕಿಟ್ಟೂ ಸರಿ ಮಾಡಲ್ಲ. ಏರಿನಲ್ಲಿ ಸಿಗ್ನಲ್ ಬಿದ್ದಾಗ ಬ್ರೇಕ್ ಹಿಡಿಯದೆ, ಥ್ರಾಟಲ್ಲನ್ನೇ ಅರೆಬರೆ ತಿರುಗಿಸಿ ಗಾಡಿಯನ್ನು ತೇಲಿಸಿ ನಿಲ್ಲಿಸಿಕೊಳ್ಳುವ ಜಾಣತನ ಎಲ್ಲ ಕಡೆ ಕಾಣುತ್ತೆ. ಒಳಗೆ ಶೂಗಳು ಡ್ರಮ್ಮಿಗೆ ಉಜ್ಜಿ ಉಜ್ಜಿ ಸುಡುತ್ತಿರುತ್ತವೆ. ಬ್ರೇಕ್ ಹಿಡಿದುಕೊಂಡೇ ಥ್ರಾಟಲ್ ಕೊಡುವವರದ್ದೂ ಅದೇ ಕಥೆ.

"ಇನ್ನೆಷ್ಟು ದಿನ ಈ ಬೆಲ್ಟು, ಎಲ್ಲ ಎಲೆಕ್ಟ್ರಿಕ್ ಆಗುತ್ತಲ್ಲ" ಅಂತ ಕೇಳ್ತೀರಿ. ಆಗಲಿ, ಒಳ್ಳೆಯದೇ. ವೇರಿಯೇಟರ್ ಇಲ್ಲ, ರೋಲರ್ ಇಲ್ಲ. ಆದರೆ ಅಲ್ಲೂ ಬೇರಿಂಗ್ ಇದೆ, ಬ್ರೇಕ್ ಇದೆ, ಕೆಲವದರಲ್ಲಿ ಹಲ್ಲಿನ ಬೆಲ್ಟೂ ಇದೆ. ಜೊತೆಗೆ ಬ್ಯಾಟರಿ ಅನ್ನುವ ಇನ್ನೊಂದು ಮುಚ್ಚಿದ ಡಬ್ಬಿ ಇದೆ, ಅದರ ಬೆಲೆ ಬೆಲ್ಟಿನ ಹಾಗೆ ಕೆಲವು ನೂರು ರೂಪಾಯಿಯಲ್ಲ. ಪ್ಲಾಸ್ಟಿಕ್ ಕವರಿನ ಹಿಂದೆ ಏನಿದೆ ಅಂತ ಇವತ್ತು ಕೇಳದವರು ನಾಳೆ ಆ ಡಬ್ಬಿಯ ಮುಂದೆ ನಿಂತು ಏನು ಕೇಳ್ತಾರೆ? ಅದೇ ಅಡ್ವೈಸರು, ಅದೇ ಪ್ಯಾಕೇಜು, ಅದೇ "ನಿಮಗ್ಯಾಕೆ ಮೇಡಂ".

ಮುಂದಿನ ಸರ್ವೀಸಿಗೆ ಹೋದಾಗ ಬೆಲ್ಟ್ ಕವರನ್ನು ನಿಮ್ಮೆದುರೇ ಬಿಚ್ಚಿಸಿ. ಬೆಲ್ಟನ್ನು ಬೆನ್ನು ಬಗ್ಗಿಸಿ ಹಿಡಿದರೆ ಬಿರುಕು ತಾನಾಗಿ ಬಾಯಿ ಬಿಡುತ್ತೆ. ರೋಲರ್‌ಗಳನ್ನು ಅಂಗೈ ಮೇಲೆ ಉರುಳಿಸಿ ನೋಡಿ. ಹಳೆಯ ಬೆಲ್ಟನ್ನು ಕೇಳಿ ಮನೆಗೆ ತನ್ನಿ, ಕೊಡದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಹೊಸದು ಹಾಕಿದ ದಿನ ಕವರಿನ ಒಳಮೈಗೆ ಪರ್ಮನೆಂಟ್ ಮಾರ್ಕರಿನಲ್ಲಿ ತಾರೀಖು, ಕಿಲೋಮೀಟರು ಎರಡನ್ನೂ ನಿಮ್ಮ ಕೈಯಿಂದಲೇ ಬರೆಯಿರಿ. ಮುಂದಿನ ಸಲ ಬಿಲ್ಲಿನಲ್ಲಿ 'ಸಿವಿಟಿ ಕ್ಲೀನಿಂಗ್' ಅಂತ ಬಂದಾಗ, ಒಳಗೆ ಏನು ಬರೆದಿತ್ತು ಓದಿ ಹೇಳಪ್ಪಾ ಅಂತ ಅಡ್ವೈಸರನ್ನು ಕೇಳಿ.